ವೀರಗಲ್ಲಿನ ಋಣ

ಬಿಂಕದಕಟ್ಟಿ ಎಂದರೆ ಗದಗ ಸೀಮೆಯ ಮಕ್ಕಳಿಗೆ ಪ್ರಾಣಿಸಂಗ್ರಹಾಲಯ. ನನಗೆ ಆ ಹೆಸರಿನ ಕೊನೆಯಲ್ಲಿರುವ ‘ಕಟ್ಟಿ’ ಇನ್ನೊಂದನ್ನು ನೆನಪಿಸುತ್ತದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಹಣಮಪ್ಪನ ಗುಡಿ ಮುಂದೋ ಬೇವಿನ ಗಿಡದ ಬುಡಕ್ಕೋ ಒಂದು ಕಟ್ಟಿ ಇರುತ್ತದೆ. ಎಷ್ಟೋ ಊರುಗಳಲ್ಲಿ ಆ ಕಟ್ಟಿಗೆ ಆನಿಸಿ ನಿಲ್ಲಿಸಿದ ಕಲ್ಲೂ ಇರುತ್ತದೆ, ಎಣ್ಣೆ ಕುಡಿದು ಕಪ್ಪಾದ ಕಲ್ಲು. ಬಗ್ಗಿ ನೋಡಿದರೆ ಮೂರು ಅಂಕಣ ಕಾಣುತ್ತವೆ. ಕೆಳಗೆ ಕಾಳಗ: ಕತ್ತಿ ಎತ್ತಿದವನು, ಬಿಲ್ಲು ಹಿಡಿದವರು, ಒಮ್ಮೊಮ್ಮೆ ಸಾಲಾಗಿ ನಿಂತ ದನ. ನಡುವೆ ಅದೇ ಮನುಷ್ಯನನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು. ಮೇಲಿನ ಅಂಕಣದಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ. ನೆತ್ತಿಯ ಮೇಲೆ ಸೂರ್ಯ, ಚಂದ್ರ. ಅಂಕಣಗಳ ನಡುವಿನ ಪಟ್ಟಿಯಲ್ಲಿ, ಎಣ್ಣೆಜಿಡ್ಡಿನ ಕೆಳಗೆ, ಅಕ್ಷರ.

ಇದೇ ವೀರಗಲ್ಲು. ವೀರ, ಕಲ್ಲು ಎರಡೂ ಸೇರುವಾಗ ‘ಕ’ ಹೋಗಿ ‘ಗ’ ಬಂದದ್ದು ಆದೇಶ ಸಂಧಿ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಸಂಸ್ಕೃತ ಪದಕ್ಕೆ ಅಚ್ಚಗನ್ನಡ ಪದ ಬೆಸೆದರೆ ವೈಯಾಕರಣರು ಅರಿಸಮಾಸ ಎಂದು ಹುಬ್ಬು ಗಂಟಿಕ್ಕುತ್ತಾರೆ. ಜನ ಆ ತಕರಾರನ್ನು ತಾವೇ ಬಗೆಹರಿಸಿದರು. ವರ್ಣವನ್ನು ಬಣ್ಣ, ವನವನ್ನು ಬನ ಮಾಡಿದ ನಾಲಗೆ ವೀರನನ್ನು ಬೀರ ಮಾಡಿತು, ಕಲ್ಲು ಬೀರಗಲ್ಲಾಯಿತು. ತಮಿಳರ ಹಳೆಯ ಮಾತು ನಡುಕಲ್, ಅಂದರೆ ನೆಟ್ಟ ಕಲ್ಲು. ಮರಾಠಿಯವರು ನಮ್ಮ ಮಾತನ್ನೇ ಒಯ್ದು ವೀರಗಳ ಎಂದರು.

ಈ ಪದ ಒಂಟಿಯಾಗಿ ಬಾಳಿದ್ದಲ್ಲ. ಅದರ ಸುತ್ತ ಒಂದು ಸಂಸಾರವೇ ಇತ್ತು. ದನ ಹೊಡೆದುಕೊಂಡು ಹೋಗುವುದು ತುರುಗೊಳ್, ಊರು ಹಾಳಾಗುವುದು ಊರಳಿವು. ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ಬಾಳ್ಗಳ್ಚು ಎಂಬ ಮಾತಿದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಕತ್ತಿಯ ನೆತ್ತರು ತೊಳೆದು ಕೊಡುವ ದತ್ತಿ. ವಿಜ ಅರಸನ ಪರಾಕ್ರಮಕ್ಕೆ ಹಲ್ಮಿಡಿ, ಮೂಳಿವಳ್ಳಿಗಳನ್ನು ಕೊಟ್ಟದ್ದು ಹೀಗೆ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ಇನ್ನೂ ನೇರವಾದ ಹೆಸರಿತ್ತು: ನೆತ್ತರುಗೊಡಗೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಆರ್. ಶೇಷಶಾಸ್ತ್ರಿಗಳ ‘ಕರ್ನಾಟಕದ ವೀರಗಲ್ಲುಗಳು’ ಓದಿದವರಿಗೆ ಈ ಮಾತುಗಳ ಭಾರ ಗೊತ್ತು. ಕಲ್ಲು ನಿಲ್ಲಿಸಿದವರು ಹೊಗಳಿ ಸುಮ್ಮನಾಗುತ್ತಿರಲಿಲ್ಲ. ಸತ್ತವನ ಹೆಸರು, ಅವನು ಯಾರ ಕಡೆಯವನು, ಎಲ್ಲಿ ಬಿದ್ದ, ಅವನ ಮನೆಗೆ ಏನು ಕೊಟ್ಟೆವು ಎಂದು ಬರೆಸುತ್ತಿದ್ದರು. ನನ್ನ ದೃಷ್ಟಿಯಲ್ಲಿ ವೀರಗಲ್ಲು ಊರು ಬರೆದುಕೊಟ್ಟ ಸಾಲಪತ್ರ.

ಈ ಲೆಕ್ಕ ಎಷ್ಟು ಕಟ್ಟುನಿಟ್ಟಾಗಿತ್ತು ಎಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ನೋಡಬೇಕು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೆತ್ತನೆಯಲ್ಲಿ ಕಾಣುವುದು ಹಂದಿಯೊಂದಿಗೆ ಸೆಣಸುವ ನಾಯಿ. 949ರಲ್ಲಿ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಕೃಷ್ಣನ ಕಡೆ ಕಾದಿದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಭಂಟ ಮಣಲೇರ ಅಲ್ಲಿ ತೋರಿದ ಶೌರ್ಯಕ್ಕೆ ಒಡೆಯ ಮೆಚ್ಚಿ ಏನು ಬೇಕು ಎಂದು ಕೇಳಿದಾಗ, ಅವನು ಬೇಡಿದ್ದು ಒಡೆಯನ ಬೇಟೆನಾಯಿ ಕಾಳಿಯನ್ನು. ಮುಂದೆ ಕಾಳಿ ಹಂದಿಯೊಂದಿಗೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಆ ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲನ್ನು ಪೂಜಿಸದೆ ಗೊರವ, ಅಂದರೆ ಪೂಜಾರಿ, ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು.

ಅದೇ ಕಲ್ಲಿನಲ್ಲಿ ನಮ್ಮ ಸೀಮೆಯೂ ಇದೆ. ರಾಜಾದಿತ್ಯನನ್ನು ಕೊಂದ ಬೂತುಗನಿಗೆ ಕೃಷ್ಣ ಕೊಟ್ಟ ನಾಡುಗಳ ಪಟ್ಟಿಯಲ್ಲಿ ಬನವಾಸಿ 12000ದ ಜೊತೆ ಬೆಳ್ವೊಲ 300, ಪುರಿಗೆರೆ 300 ಬರುತ್ತವೆ. ಪುರಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ಬೆಳ್ವೊಲ ಎಂದರೆ ಗದಗ, ಅಣ್ಣಿಗೇರಿ ಸುತ್ತಿನ ಕರಿಮಣ್ಣಿನ ನಾಡು. ದೂರದ ತಕ್ಕೋಲದಲ್ಲಿ ಹರಿದ ನೆತ್ತರಿಗೆ ಇನಾಮಾಗಿ ನಮ್ಮ ಹೊಲಗಳು ಕೈಬದಲಾದದ್ದನ್ನು ಒಂದು ನಾಯಿಯ ವೀರಗಲ್ಲು ಇಂದಿಗೂ ಹೇಳುತ್ತಿದೆ.

ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸಿದ್ದೂ ವೀರಗಲ್ಲಿನಲ್ಲೇ. ಬೇಗೂರಿನ ಸುಮಾರು 890ರ ಆ ಕಲ್ಲು ಬೆಂಗಳೂರ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತ ಎನ್ನುತ್ತದೆ. ‘ಹುತಾತ್ಮ’, ‘ವೀರಮರಣ’ ನಾವು ಆಮೇಲೆ ರೂಢಿಸಿಕೊಂಡ ಮಾತುಗಳು. ಹಳಬರು ‘ಸತ್ತಂ’ ಎಂದು ಬರೆಯಲು ಅಂಜುತ್ತಿರಲಿಲ್ಲ.

ಇಂಥ ನಾಡಿನ ಮಕ್ಕಳು 20ನೇ ಶತಮಾನದಲ್ಲಿ ಕಡಲಾಚೆ ಹೋಗಿ ಸತ್ತಾಗ ಏನಾಯಿತು? ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಮಡಿದು, ಗೋರಿಯೂ ಗೊತ್ತಿಲ್ಲದ 40 ಸಾವಿರಕ್ಕೂ ಹೆಚ್ಚು ಮಂದಿಗೆ ಇರಾಕಿನ ಬಸ್ರಾದಲ್ಲಿ ಸ್ಮಾರಕವಿದೆ. ಅದರ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳಿವೆ. ಭಾರತದ ಸಾಮಾನ್ಯ ಸಿಪಾಯಿಗಳಿಗೆ ಮಾತ್ರ ಹೆಸರಿಲ್ಲ. ಯಾವ ಪಲ್ಟಣಿನವರು ಎಷ್ಟು ಜನ ಎಂಬ ಸಂಖ್ಯೆಯಷ್ಟೇ. ದೇಶದ ಹಲವು ಹಳ್ಳಿಗಳಲ್ಲಿ ಸರ್ಕಾರ ಗೋಡೆಗೆ ಕೂರಿಸಿದ ಫಲಕಗಳದ್ದೂ ಅದೇ ಕಥೆ: ಈ ಊರಿಂದ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಪ್ರಾಣ ಕೊಟ್ಟರು. ನಾಯಿಗೂ ಹೆಸರು ಕೆತ್ತಿದ ನೆಲದವರಿಗೆ ಇದು ದೊಡ್ಡ ಅನ್ಯಾಯ. ಸಂಖ್ಯೆ ಬರೆದ ಕಲ್ಲನ್ನು ವೀರಗಲ್ಲು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮೈಸೂರು ಲ್ಯಾನ್ಸರ್ಸ್ ಸವಾರರು ಸ್ವಲ್ಪ ಅದೃಷ್ಟವಂತರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದ ಕುದುರೆಪಡೆ ಅದು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಯೋಧಪ್ರತಿಮೆಗಳಲ್ಲಿ ಒಂದು ಮೈಸೂರಿನವನದು. ಆ ವೃತ್ತಕ್ಕೆ 2018ರಲ್ಲಿ ಹೈಫಾ ಹೆಸರೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಈ ಪಡೆಯ ಸ್ಮಾರಕಸ್ತಂಭವಿದೆ. ಬೆಳಗಾವಿಯನ್ನು ಕೇಂದ್ರ ಮಾಡಿಕೊಂಡ ಮರಾಠಾ ಲೈಟ್ ಇನ್ಫೆಂಟ್ರಿಯ ಯಶವಂತ ಘಾಡ್ಗೆ 1944ರಲ್ಲಿ ಇಟಲಿಯಲ್ಲಿ ಮಡಿದರು. ಅವರ ಹೆಸರಿನಲ್ಲಿ ಇಟಲಿಯ ಮೊಂಟೋನೆಯಲ್ಲಿ 2023ರಲ್ಲಿ ಸ್ಮಾರಕ ತೆರೆಯಿತು. ಅವರದೇ ಹೆಸರಿನ ಸ್ಮಾರಕ ಅಲ್ಲಿ ನಿಲ್ಲಲು ಸುಮಾರು 80 ವರ್ಷ ಬೇಕಾಯಿತು.

ಈ ನಡುವೆ ನಮ್ಮ ಪದ ತನ್ನ ಜಾಗಕ್ಕೆ ಮರಳಿದೆ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ನಿಲ್ಲಿಸಿರುವ 75 ಅಡಿ ಎತ್ತರದ, ಸುಮಾರು 450 ಟನ್ ತೂಕದ ಏಕಶಿಲೆಗೆ ಇಟ್ಟ ಹೆಸರು ವೀರಗಲ್ಲು. ಅದರ ಬಳಿ, ಸ್ವಾತಂತ್ರ್ಯದ ನಂತರ ಮಡಿದ 20 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. ನೆಲದಡಿ ಸಂಗ್ರಹಾಲಯ ಕಟ್ಟಿದ್ದಾರೆ. ಎತ್ತರಕ್ಕಿಂತ ಆ ಹೆಸರುಗಳೇ ಆ ಕಲ್ಲಿಗೆ ವೀರಗಲ್ಲು ಎನಿಸಿಕೊಳ್ಳುವ ಹಕ್ಕು ಕೊಟ್ಟಿವೆ. ನೆತ್ತರುಗೊಡಗೆ ಎಂಬ ಮಾತು ಮಾತ್ರ ಇನ್ನೂ ಮರಳಿಲ್ಲ. ಯೋಧನ ಮನೆಯವರಿಗೆ ಸಲ್ಲುವುದನ್ನು ನಾವು ಈಗ ‘ಪರಿಹಾರ’ ಎನ್ನುತ್ತೇವೆ. ಬೆಳೆ ಹೋದರೂ ಅದೇ ಮಾತು, ಬಸ್ಸು ಗುದ್ದಿದರೂ ಅದೇ ಮಾತು. ಕೊಡುಗೆ ಎಂಬ ಪದದಲ್ಲಿದ್ದ ಕೃತಜ್ಞತೆ ಅದರಲ್ಲಿಲ್ಲ. ಸರ್ಕಾರಿ ಆದೇಶಗಳಲ್ಲಿ ಹಳೆಯ ಪದವನ್ನು ಮತ್ತೆ ಬಳಸಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಗದಗ, ಮುಂಡರಗಿ, ಶಿರಹಟ್ಟಿ ಕಡೆಯ ಓದುಗರಲ್ಲಿ ಒಂದು ಕೇಳಿಕೆ. ನಿಮ್ಮೂರ ಕಟ್ಟಿಗೆ ಆನಿಸಿದ ಕಲ್ಲಿದ್ದರೆ ಅದಕ್ಕೆ ಸುಣ್ಣ ಬಳಿಯಬೇಡಿ, ಸಿಮೆಂಟು ಮೆತ್ತಬೇಡಿ. ಅಕ್ಷರ ಕಂಡರೆ ಚಿತ್ರ ತೆಗೆದು ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೋ ತೋರಿಸಿ. ನಿಮ್ಮ ಮನೆತನದಲ್ಲಿ ಕಡಲಾಚೆ ಯುದ್ಧಕ್ಕೆ ಹೋಗಿ ಮರಳದವರಿದ್ದರೆ ಅವರ ಹೆಸರು, ಊರು, ಪಲ್ಟಣು ಬರೆದು ಪಂಚಾಯಿತಿಗೆ ಕೊಡಿ.