ಕಂಪನಿಗೆ ವರದಿ ಬರೆದ ವೈದ್ಯ

ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಅದಾಗಿ ವರ್ಷ ತುಂಬುವ ಮೊದಲೇ, 1800ರ ಏಪ್ರಿಲ್ 23ರಂದು, ಸ್ಕಾಟ್ಲೆಂಡಿನ ವೈದ್ಯನೊಬ್ಬ ಮದರಾಸಿನಿಂದ ಮೈಸೂರಿನತ್ತ ಹೊರಟ. ಹೆಸರು ಫ್ರಾನ್ಸಿಸ್ ಬುಕಾನನ್. ಅವನು ಬಂದದ್ದು ರೋಗಿಗಳನ್ನು ನೋಡಲಿಕ್ಕಲ್ಲ. ಗೆದ್ದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ನೇಯುತ್ತಾರೆ, ಯಾವುದು ಎಲ್ಲಿಗೆ ಮಾರಾಟಕ್ಕೆ ಹೋಗುತ್ತದೆ ಎಂಬುದನ್ನು ವಿಚಾರಿಸಿ ತಿಳಿಸುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದ. ಮೊದಲ ಗಮನ ಬೇಸಾಯಕ್ಕೆ. ಜತೆಗೆ ಹತ್ತಿ, ಮೆಣಸು, ಗಂಧ, ಏಲಕ್ಕಿಗಳನ್ನು ವಿಶೇಷವಾಗಿ ನೋಡಬೇಕೆಂದು ಅಪ್ಪಣೆ. ದೊರೆತನ ಕೈಗೆ ಬಂದಿದ್ದರೂ ಈಸ್ಟ್ ಇಂಡಿಯಾ ಕಂಪನಿಯ ಬುದ್ಧಿ ವರ್ತಕನದೇ ಆಗಿತ್ತು.

ಈ ಕೆಲಸ ಬುಕಾನನ್‌ಗೆ ಹೊಸದಲ್ಲ. ಮಸಾಲೆ ಬೆಳೆಗೆ ತಕ್ಕ ನೆಲ ಹುಡುಕಲು 1798ರಲ್ಲಿ ಕಂಪನಿ ಅವನನ್ನು ಚಿತ್ತಗಾಂಗ್ ಕಡೆ ಕಳಿಸಿತ್ತು. ಸಸ್ಯಶಾಸ್ತ್ರ ಬಲ್ಲವನು. ಗಿಡವನ್ನು ನೋಡಿದಷ್ಟೇ ಕುತೂಹಲದಿಂದ ಮಗ್ಗವನ್ನೂ ಗಾಣವನ್ನೂ ನೋಡಿದ.

ಅವನ ಕ್ರಮ ಸರಳ. ಕಚೇರಿಯ ಕಾಗದಕ್ಕಿಂತ ಕೆಲಸ ಮಾಡುವವನನ್ನೇ ಕೇಳುವುದು. ಬೆಂಗಳೂರಿನಲ್ಲಿ ಪಟ್ಟೆಗಾರರು, ಖತ್ರಿಗಳು, ದೇವಾಂಗರು, ತೊಗಟರು ಯಾರು ಯಾವ ಬಟ್ಟೆ ನೇಯುತ್ತಾರೆಂದು ಬೇರೆ ಬೇರೆಯಾಗಿ ಬರೆದುಕೊಂಡ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದನ್ನು ವರ್ಣಿಸಿದ. ಕಬ್ಬಿಣ ಕರಗಿಸುವ ಕುಲುಮೆಯಲ್ಲಿ ಎಷ್ಟು ಆಳು, ಎಷ್ಟು ಇದ್ದಿಲು, ಯಾರಿಗೆಷ್ಟು ಪಾಲು ಎಂಬ ಲೆಕ್ಕವನ್ನೂ ಬಿಡಲಿಲ್ಲ.

ತೊಡಕು ಬಂದದ್ದು ಅಳತೆಯಲ್ಲಿ. ಸೇರು ಊರಿಂದೂರಿಗೆ ಬೇರೆ. ಒಂದು ಖಂಡುಗ ಗದ್ದೆಯೆಂದರೆ ಒಂದು ಖಂಡುಗ ಬೀಜ ಹಿಡಿಯುವ ನೆಲ; ಅದು ಎಷ್ಟು ಎಕರೆ? ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದರೆ ಕಲ್ಕತ್ತೆಯಲ್ಲಿ ಕುಳಿತವರಿಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಬುಕಾನನ್ ಹೊಲಗಳನ್ನು ತಾನೇ ಅಳೆಸಿ ನೋಡಿದ. ರೈತರು ಹೇಳಿದ ಇಳುವರಿಯನ್ನು ಪೂರ್ತಿ ನಂಬಲೂ ಇಲ್ಲ. ಕಂದಾಯದ ಭಯವಿದ್ದವನು ಬಿಳಿಯ ಅಧಿಕಾರಿಯ ಮುಂದೆ ಕಡಿಮೆ ಹೇಳಿದರೆ ತಪ್ಪೇನು?

ಅವನಿಗೆ ಕನ್ನಡ ಬಾರದು. ಎಲ್ಲವೂ ದುಭಾಷಿಯ ಬಾಯಿಂದ ಬಂದದ್ದು. ದೊಡ್ಡಬಳ್ಳಾಪುರ ಅವನ ಬರಹದಲ್ಲಿ ‘ಡೋಡ ಬಾಲಪುರ’ ಆಗಿದೆ. ಟಿಪ್ಪುವಿನ ಮೇಲಿನ ಅವನ ಮಾತುಗಳನ್ನು ಗೆದ್ದವರ ನೌಕರನ ಮಾತೆಂದೇ ಓದಬೇಕು. ಬ್ರಾಹ್ಮಣರ ಬಗ್ಗೆಯೂ ಅವನಿಗೆ ಪೂರ್ವಗ್ರಹ ಕಡಿಮೆಯಿರಲಿಲ್ಲ.

ಕಂಪನಿಯ ನಿರ್ದೇಶಕರ ಆಶ್ರಯದಲ್ಲಿ 1807ರಲ್ಲಿ ಈ ಪ್ರವಾಸಕಥನ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ವರದಿಯೆಂದು ನೋಡಿದರೆ ಇದರಲ್ಲೊಂದು ದೊಡ್ಡ ಕೊರತೆಯಿದೆ. ವಿಷಯವಾರು ಜೋಡಿಸದೆ ದಿನಚರಿಯಂತೆಯೇ ಬಿಟ್ಟಿದ್ದಾರೆ. ಹತ್ತಿಯ ಬಗ್ಗೆ ತಿಳಿಯಬೇಕಾದ ವ್ಯಾಪಾರಿ ದಾರಿಯುದ್ದಕ್ಕೂ ಅವನ ಜತೆಗೇ ನಡೆಯಬೇಕು! ಆದರೆ ಆ ಕೊರತೆಯೇ ನಮಗೆ ಲಾಭ. ಯಾವ ಊರಲ್ಲಿ, ಯಾವ ದಿನ, ಯಾರನ್ನು ಕೇಳಿ ತಿಳಿದದ್ದು ಎಂಬುದು ಮಾಹಿತಿಗೆ ಅಂಟಿಕೊಂಡೇ ಉಳಿದಿದೆ. ಮುಂದೆ ಮೈಸೂರಿನ ಗೆಜೆಟಿಯರ್ ಬರೆದ ಬಿ. ಎಲ್. ರೈಸ್ ಕೂಡ ಇದನ್ನು ಬಳಸಿಕೊಂಡರು.

ಅನಂತರ ಬುಕಾನನ್ ಬಂಗಾಳ, ಬಿಹಾರಗಳಲ್ಲಿ ಇನ್ನೂ ದೊಡ್ಡ ಸಮೀಕ್ಷೆ ನಡೆಸಿದ. ಆ ಅಂಕಿಗಳನ್ನು 1976ರಲ್ಲಿ ಅರ್ಥಶಾಸ್ತ್ರಜ್ಞ ಅಮಿಯ ಕುಮಾರ್ ಬಾಗ್ಚಿ 1901ರ ಜನಗಣತಿಯೊಡನೆ ಹೋಲಿಸಿದರು. ಗಂಗಾ ಬಯಲಿನ ಬಿಹಾರದಲ್ಲಿ ಕೈಗಾರಿಕೆಯನ್ನು ನಂಬಿ ಬದುಕುತ್ತಿದ್ದವರ ಪ್ರಮಾಣ ಶೇಕಡಾ 18.6ರಿಂದ 8.5ಕ್ಕೆ ಇಳಿದಿತ್ತೆಂಬುದು ಅವರ ಲೆಕ್ಕ. ಈ ಲೆಕ್ಕವನ್ನು ಪ್ರಶ್ನಿಸಿದವರೂ ಇದ್ದಾರೆ. ಅಂತೂ, ಕಂಪನಿ ತನ್ನ ಲಾಭಕ್ಕೆಂದು ಬರೆಸಿದ ವರದಿ, ಅದರ ಆಳ್ವಿಕೆಯಲ್ಲಿ ನೇಕಾರರಿಗೆ ಏನಾಯಿತೆಂಬ ವಾದದಲ್ಲಿ ಕಂಪನಿಯ ವಿರುದ್ಧವೇ ಸಾಕ್ಷಿಯಾಗಿ ಬಂದು ನಿಂತಿತು.