ಸುರಪುರದ ಆ ಒಂದು ಗುಂಡು

ಹಳೇ ಕೊಲೆಗಳ ಪುಸ್ತಕ ಓದೋದು ನನ್ನ ಚಟ. ನಮ್ಮ ಕಕ್ಕೇರಾದ ಹತ್ತಿರದ ಸುರಪುರಕ್ಕೂ ಅಂಥದ್ದೊಂದು ಕಥೆ ಇದೆ.

ಠಗ್ಗರ ಕೊಲೆಗಳ ಮೇಲೆ 1839ರಲ್ಲಿ ಕಾದಂಬರಿ ಬರೆದ ಮೆಡೋಸ್ ಟೇಲರ್ ಮುಂದೆ ಸುರಪುರದ ಅಧಿಕಾರಿಯಾದ. ಬಾಲಕ ರಾಜಾ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಅಂತಿದ್ದ. 1858ರಲ್ಲಿ ಬಂಡೆದ್ದು ಸೋತು ಸೆರೆಯಾದ. ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆವಾಸಕ್ಕೆ ಇಳೀತು. ಒಯ್ಯುವ ದಾರಿಯಲ್ಲೇ ಕಾವಲು ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಸತ್ತ.

ತಾನೇ ಹೊಡಕೊಂಡ ಅನ್ನುತ್ತೆ 1877ರಲ್ಲಿ ಬಂದ ಟೇಲರ್ ಆತ್ಮಕಥೆ. ಕೊಂದರು ಅನ್ನೋ ಮಾತು ನಮ್ಮ ಕಡೆ ಇದೆ. ಟೇಲರ್ ಅಲ್ಲಿರಲಿಲ್ಲ, ಕೇಳಿ ಬರೆದ. ಅದಕ್ಕೇ ನಾನು ಕೊಲೆಗಾರನನ್ನು ಹುಡುಕೋಕೆ ಮೊದಲು ಸಾಕ್ಷಿ ಯಾರು ಅಂತ ನೋಡ್ತೀನಿ. ಇಲ್ಲಿ ಸಾಕ್ಷಿ ಹೇಳಿದವರೇ ಕಾವಲುಗಾರರು.