ಕಾಮಿ ಶೆಫ್

ಕಾಮಿ ಶೆಫ್ ಎಂಬುದು ದೊಡ್ಡ ಹೋಟೆಲುಗಳ ಅಡುಗೆಮನೆಯಲ್ಲಿ ವೃತ್ತಿಪರ ಬಾಣಸಿಗರ ಆರಂಭದ ಹುದ್ದೆ. 'ಕಾಮಿ' ಫ್ರೆಂಚ್ ಮೂಲದ ಪದ; ಇಲ್ಲಿ ಸಹಾಯಕ ಎಂಬ ಅರ್ಥದಲ್ಲಿ ಬಳಕೆಯಾಗುತ್ತದೆ. ಇದೇ ರೂಪದ ಸಂಸ್ಕೃತ ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಿನ್ನೆಲೆ

ಅಡುಗೆಮನೆಯನ್ನು ವಿಭಾಗಗಳಾಗಿ ಹಂಚಿ, ಪ್ರತಿಯೊಂದಕ್ಕೂ ಮುಖ್ಯಸ್ಥರನ್ನು ನೇಮಿಸುವ ಪದ್ಧತಿಗೆ ರೂಪ ಕೊಟ್ಟವರು ಫ್ರಾನ್ಸಿನ ಆಗಸ್ಟ್ ಎಸ್ಕಾಫಿಯೆ (1846–1935). ಅವರೂ 13ನೆಯ ವಯಸ್ಸಿನಲ್ಲಿ ನೀಸ್ ನಗರದಲ್ಲಿದ್ದ ಬಂಧುವಿನ ಹೋಟೆಲಿನಲ್ಲಿ ಕೆಲಸ ಕಲಿಯಲು ಸೇರಿದವರೇ. ಕರ್ನಾಟಕಕ್ಕೂ ಈ ಕ್ರಮ ಹೊಸದಲ್ಲ. ಉಡುಪಿ ಹೋಟೆಲುಗಳಲ್ಲಿ ಹಿಟ್ಟು ರುಬ್ಬುತ್ತ, ತರಕಾರಿ ಹೆಚ್ಚುತ್ತ ಬೆಳೆದ ಹುಡುಗರು ಮುಂದೆ ಅಡುಗೆ ಭಟ್ಟರಾಗುತ್ತಿದ್ದರು.

ಕೆಲಸ

ತರಕಾರಿ ಸುಲಿದು ಹೆಚ್ಚುವುದು, ಮೂಳೆಗಳನ್ನು ಗಂಟೆಗಟ್ಟಲೆ ಕುದಿಸಿ ಸ್ಟಾಕ್ ತೆಗೆಯುವುದು, ಹಳೆಯ ದಾಸ್ತಾನು ಮೊದಲು ಖರ್ಚಾಗುವಂತೆ ಫ್ರಿಜ್ ಜೋಡಿಸುವುದು, ಮೇಜು ಒರೆಸುವುದು ಮುಖ್ಯ ಕೆಲಸಗಳು. ಪದವೀಧರರಿಗೂ ಇದರಿಂದ ವಿನಾಯಿತಿ ಅಪರೂಪ. ದಿನವಿಡೀ ನಿಂತೇ ದುಡಿಯಬೇಕು. ಹಬ್ಬದ ದಿನಗಳಲ್ಲಿ ರಜೆ ಸಿಗುವುದು ಕಷ್ಟ. ದೂರದರ್ಶನದ ಅಡುಗೆ ಕಾರ್ಯಕ್ರಮಗಳನ್ನು ನೋಡಿ ಬಂದವರು ಇಲ್ಲಿ ಬೇಗನೆ ನಿರಾಶರಾಗುವುದುಂಟು. ಆದರೆ ಒಂದೇ ಅಳತೆಗೆ ಹೆಚ್ಚಿದ ತರಕಾರಿ ಮಾತ್ರ ಒಂದೇ ಹದಕ್ಕೆ ಬೇಯುತ್ತದೆ. ಹೆಚ್ಚುವ ಕೆಲಸವನ್ನು ಕೀಳೆಂದು ಎಣಿಸುವವರು ಇದನ್ನು ಗಮನಿಸುವುದಿಲ್ಲ. ಕಾಮಿ ಹುದ್ದೆಯಲ್ಲೇ ಕೆಲವು ದರ್ಜೆಗಳಿದ್ದು, ಅವನ್ನು ದಾಟಿದವರು ಡೆಮಿ ಶೆಫ್, ಬಳಿಕ ವಿಭಾಗದ ಮುಖ್ಯಸ್ಥರಾದ ಶೆಫ್ ದ ಪಾರ್ಟಿ ಆಗುತ್ತಾರೆ.

ಶಿಕ್ಷಣ

ಹೋಟೆಲ್ ನಿರ್ವಹಣೆ ಮತ್ತು ಕೇಟರಿಂಗ್ ತಂತ್ರಜ್ಞಾನದ ರಾಷ್ಟ್ರೀಯ ಮಂಡಳಿಯನ್ನು ಭಾರತ ಸರ್ಕಾರ 1982ರಲ್ಲಿ ಸ್ಥಾಪಿಸಿತು. ಇಂಗ್ಲಿಷನ್ನು ಒಂದು ವಿಷಯವಾಗಿ ಓದಿ ದ್ವಿತೀಯ ಪಿಯುಸಿ ಮುಗಿಸಿದವರು ಪ್ರವೇಶ ಪರೀಕ್ಷೆಯ ಮೂಲಕ ಇದರ ಬಿ.ಎಸ್ಸಿ. ಪದವಿಗೆ ಸೇರಬಹುದು. ಬೆಂಗಳೂರಿನಲ್ಲಿಯೂ ಈ ಮಂಡಳಿಗೆ ಸೇರಿದ ಸಂಸ್ಥೆಯಿದೆ. ಪದವಿಯ ಅವಧಿಯಲ್ಲಿ ಹೋಟೆಲಿನಲ್ಲಿ ತರಬೇತಿ ಕಡ್ಡಾಯ.